ನಡುಹಗಲಿನ ಬಾಂಗ್

ಕೊಟ್ಟಿಗೆಹಾರದ ಮಸೀದಿಯ ಹಿಂದಿನ ಓಣಿಯಲ್ಲಿ ಕಡೆಯದು ಹಸೈನಾರನ ಮನೆ. ಊರಿನವರು ಹಾಗೆನ್ನುತ್ತಾರೆ. ಆ ಮನೆಯ ಕದ ತೆರೆಯುವವಳು, ಅಂಗಳ ಗುಡಿಸುವವಳು, ಒಲೆಯ ಬೂದಿ ತೆಗೆಯುವವಳು, ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸಿ ಕದ ಹಾಕುವವಳು ಮಿಸ್ರಿಯಾ. ಅವಳು ಕಳಸದ ಕಡೆಯವಳು. ತಾಯಿಯ ಜೊತೆ ತೋಟದವರ ಮನೆಗಳಲ್ಲಿ ಅಡಿಕೆ ಸುಲಿಯುತ್ತ ಬೆಳೆದು, ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದಳು. ಅಲ್ಲಿ ಕೈಗೆ ಕೂಲಿ ಇತ್ತು. ಇಲ್ಲಿ ಕೆಲಸ ಹೆಚ್ಚಾಯಿತು, ಕೂಲಿ ನಿಂತಿತು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಬೆಳೆದರು, ಮದುವೆಯಾಗಿ ಘಾಟಿಯ ಕೆಳಗಿನ ಊರುಗಳಿಗೆ ಹೋದರು. ಈಗ ಮನೆಯಲ್ಲಿ ಇರುವುದು ಮೂವರು: ಅವಳು, ಗಂಡ, ಗಂಡನ ತಾಯಿ ಐಸಮ್ಮ.

ಹಸೈನಾರ್ ಮೆಣಸಿನ ವ್ಯಾಪಾರಿ. ತೋಟದಿಂದ ತೋಟಕ್ಕೆ ತಿರುಗಿ ಹಸಿ ಕಾಳುಮೆಣಸು ಕೊಂಡು, ಪಿಕಪ್ಪಿನಲ್ಲಿ ತಂದು ಅಂಗಳಕ್ಕೆ ಸುರಿಯುತ್ತಾನೆ. ಒಣಗಿದ ಮೇಲೆ ಚೀಲ ಹೊಲಿದು ಮಾರುತ್ತಾನೆ. ನಡುವೆ ಗೊಂಚಲಿನಿಂದ ಕಾಳು ಬಿಡಿಸಬೇಕು, ಕುದಿನೀರಲ್ಲಿ ಅದ್ದಬೇಕು, ಟಾರ್ಪಾಲಿನ ಮೇಲೆ ಹರಡಬೇಕು, ಆಗಾಗ ಕಾಲಾಡಿಸಿ ಮಗುಚಬೇಕು, ಮೋಡ ಕಂಡರೆ ಬಾಚಿ ಒಳಗೆ ಹಾಕಬೇಕು. ಅದಷ್ಟೂ ಮಿಸ್ರಿಯಾಳದು. "ಒಣಗೋದು ಬಿಸಿಲಿಗೆ ಮಾರ್ರೆ, ನಾವೇನು ಮಾಡ್ತೇವೆ ಅದರಲ್ಲಿ?" ಎಂದು ಹಸೈನಾರ್ ಗಿರಾಕಿಗಳ ಹತ್ತಿರ ಹೇಳುವುದುಂಟು.

ಐಸಮ್ಮನಿಗೆ ಎಂಬತ್ತು ದಾಟಿದೆ. ಸಕ್ಕರೆ ಕಾಯಿಲೆ ಹಳೆಯದು, ಮರೆವು ಹೊಸದು. ಮಗನನ್ನು ಒಮ್ಮೊಮ್ಮೆ ಸತ್ತುಹೋದ ತಮ್ಮನೆಂದು ತಿಳಿಯುತ್ತಾಳೆ. ಸೊಸೆಯನ್ನು "ನೀನು ಯಾರ ಮನೆಯವಳು ಮಗಳೇ?" ಎಂದು ಕೇಳುತ್ತಾಳೆ. ಮರೆಯದೆ ಉಳಿದಿರುವುದು ನಮಾಜು ಮತ್ತು ನೋಂಬು. ಉಪವಾಸಕ್ಕೆ ಅವರ ಮನೆಮಾತಿನಲ್ಲಿ ನೋಂಬು ಎನ್ನುತ್ತಾರೆ. ರಂಜಾನ್ ಬಂತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೆಳಗಿನ ಜಾವ ನೋಂಬಿಗೆ ಮುಂಚಿನ ಸಹರಿ ಊಟಕ್ಕೆ ಪಾತ್ರೆಯ ಸದ್ದು ಕೇಳಿದರೆ ಸಾಕು, ಎದ್ದು ಕೂರುತ್ತಿದ್ದಳು.

ಮೂಡಿಗೆರೆಯ ಡಾಕ್ಟರು ಖಡಾಖಂಡಿತ ಹೇಳಿದ್ದರು, ಅಜ್ಜಿ ಹೊತ್ತು ಹೊತ್ತಿಗೆ ಉಣ್ಣಬೇಕು, ಮಾತ್ರೆ ತಪ್ಪಬಾರದು, ಉಪವಾಸ ಬೇಡವೇ ಬೇಡ. ಮನೆಗೆ ಬರುವ ದಾರಿಯಲ್ಲಿ ಹಸೈನಾರ್, "ಉಮ್ಮನ ಹತ್ರ ನೋಂಬು ಬಿಡು ಅಂತ ಹೇಳೋ ಧೈರ್ಯ ನಂಗಿಲ್ಲ. ನೀನೇ ಏನಾದ್ರೂ ಮಾಡು" ಅಂದ.

ಏನಾದರೂ ಮಾಡು ಎಂಬುದು ಆ ಮನೆಯಲ್ಲಿ ಹಳೆಯ ಮಾತು. ಸೋರುವ ಹೆಂಚಿಗೂ, ದೊಡ್ಡ ಮಗಳ ಬಾಣಂತನಕ್ಕೂ ಅವನು ಅದನ್ನೇ ಹೇಳಿದ್ದ. ಮಸೀದಿಯಲ್ಲಿ ಮಾತ್ರ ಬೇರೆ ಮಾತು. "ನಮ್ಮ ಉಮ್ಮ ಈ ಪ್ರಾಯದಲ್ಲೂ ಒಂದು ನೋಂಬು ಬಿಟ್ಟವರಲ್ಲ" ಅಂದಾಗ ಸುತ್ತಲಿದ್ದವರು "ಮಾಶಾ ಅಲ್ಲಾ" ಎನ್ನುತ್ತಿದ್ದರು. ಅದನ್ನು ಮನೆಗೆ ಬಂದು ಅವನು ಹೇಳಿಕೊಳ್ಳುತ್ತಿದ್ದ.

ರಂಜಾನಿನ ಮೊದಲ ವಾರದಲ್ಲೇ ಐಸಮ್ಮ ಜಗಲಿಯಲ್ಲಿ ಬೆವತು ಕುಸಿದಳು. ಮೈಯ ಸಕ್ಕರೆ ಇಳಿದಿತ್ತು. ಮಿಸ್ರಿಯಾ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿದಳು. ಮುದುಕಿ ಅದನ್ನು ಉಗಿದಳು.

"ನನ್ನ ನೋಂಬಿಗೆ ಕೈ ಹಾಕ್ತೀಯಾ? ಎಲ್ಲಿಂದ ಬಂದವಳು ನೀನು?"

"ಮಾಮಿ, ಕಾಯಿಲೆಯವರಿಗೆ ನೋಂಬು ಇಲ್ಲ."

"ಕಾಯಿಲೆ ನಿನಗೆ."

ಅಷ್ಟರಲ್ಲಿ ಒಳಗೆ ಕಪಾಟಿನ ಮೇಲಿಟ್ಟಿದ್ದ ಮೊಬೈಲು ತಾನಾಗಿ ಕೂಗಿತು. ಐದು ಹೊತ್ತಿನ ಬಾಂಗ್ ಅದರಲ್ಲೇ ಬರುವಂತೆ ಚಿಕ್ಕ ಮಗಳು ಮಾಡಿಟ್ಟು ಹೋಗಿದ್ದಳು. ಅದು ಮಧ್ಯಾಹ್ನದ ನಮಾಜಿನ ಕರೆ. ಐಸಮ್ಮ ಕಿವಿಗೊಟ್ಟಳು, ಮೇಲೆ ನೋಡಿದಳು, "ಬಿಸ್ಮಿಲ್ಲಾ" ಎನ್ನುತ್ತ ಖರ್ಜೂರಕ್ಕೆ ಕೈ ಚಾಚಿದಳು. ಅವಳಿಗೆ ಬಾಂಗ್ ಎಂದರೆ ಸಂಜೆಯ ಬಾಂಗ್, ನೋಂಬು ಬಿಡುವ ಬಾಂಗ್. ಮಿಸ್ರಿಯಾ ಅದನ್ನು ತಿದ್ದಲಿಲ್ಲ. ಖರ್ಜೂರ ಕೊಟ್ಟಳು, ಗಂಜಿ ಕೊಟ್ಟಳು, ಮಾತ್ರೆ ಕೊಟ್ಟಳು. ಮುದುಕಿ ಉಂಡು, ಕೂತಲ್ಲೇ ನಮಾಜು ಮಾಡಿ ಮಲಗಿದಳು. ಎದ್ದಾಗ ಉಂಡದ್ದರ ನೆನಪು ಇರಲಿಲ್ಲ. ಸಂಜೆ ನಿಜವಾದ ಬಾಂಗಿಗೆ ಮಗನ ಜೊತೆ ಕೂತು ಮತ್ತೊಮ್ಮೆ ನೋಂಬು ಬಿಟ್ಟಳು.

ಮರುದಿನದಿಂದ ಅದು ಕ್ರಮವಾಯಿತು. ಮಧ್ಯಾಹ್ನವಾಗುತ್ತಲೇ ಮಿಸ್ರಿಯಾ ಕಿಟಕಿಯ ಹಲಗೆಗಳನ್ನು ಮುಚ್ಚಿ, ಬಲ್ಬು ಹಾಕಿ, ಮೊಬೈಲಿನಲ್ಲಿ ಬಾಂಗ್ ಹಚ್ಚುತ್ತಿದ್ದಳು. ಮೆಂತೆ ಗಂಜಿ ಮೊದಲೇ ಕಾಯಿಸಿ ಇಟ್ಟಿರಬೇಕು. ತಾನು ನೋಂಬಿನಲ್ಲಿರುವುದರಿಂದ ಉಪ್ಪು ಸರಿಯಾಗಿದೆಯೇ ಎಂದು ಬಾಯಿಗೆ ಹಾಕಿ ನೋಡುವಂತಿಲ್ಲ. ಒಂದು ಮನೆಗೆ ದಿನಕ್ಕೆ ಒಂದು ಇಫ್ತಾರ್ ಇದ್ದರೆ, ಅವಳಿಗೆ ಎರಡು. ಒಂದಕ್ಕೆ ಸಮೋಸ, ಹಣ್ಣು, ನೆಂಟರು. ಇನ್ನೊಂದಕ್ಕೆ ಮುಚ್ಚಿದ ಕಿಟಕಿ.

ಪಕ್ಕದ ಮನೆಯ ರೇವತಿ ಎಸ್ಟೇಟ್ ಕೆಲಸದವಳು. ರಜೆಯ ದಿನ ಬೇಲಿಯ ಹತ್ತಿರ ನಿಂತು ಕೇಳಿದಳು, "ಅಲ್ಲ ಮಾರಾಯ್ತಿ, ನಿಮ್ಮ ಮಸೀದೀದು ಮುಗಿದ ಮೇಲೆ ನಿಮ್ಮ ಮನೇಲಿ ಇನ್ನೊಂದು ಕೂಗ್ತದಲ್ಲ, ಅದೆಂಥದ್ದು? ನಿಮ್ಮನೆಗೇ ಒಂದು ಬ್ರಾಂಚಾ?"

ಮಿಸ್ರಿಯಾ ನಗುತ್ತ ವಿಷಯ ಹೇಳಿದಳು. ರೇವತಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಅತ್ತೆಗೆ ಏಕಾದಶಿ ಮುಗೀತು ಅಂತ ನಾನು ಎಷ್ಟು ಸಲ ಸುಳ್ಳು ಹೇಳಿಲ್ಲ! ಪಾಪ ಬಂದ್ರೆ ಡಾಕ್ಟರಿಗೆ ಹೋಗ್ಲಿ, ಅವರು ಹೇಳಿದ್ದಲ್ವಾ?"

ಆ ನಗೆಯಿಂದ ಮಿಸ್ರಿಯಾಳಿಗೆ ಸಮಾಧಾನವಾಯಿತು. ಜೀವ ಉಳಿಸಲು ಹೇಳಿದ ಸುಳ್ಳು ಅದು. ಅಲ್ಲಾಹನಿಗೆ ಗೊತ್ತಾಗದ್ದು ಏನಿದೆ ಎಂದುಕೊಂಡಳು.

ರಂಜಾನಿನ ನಡುವೆ ಒಂದು ಸಂಜೆ ಹಸೈನಾರನ ತಮ್ಮಂದಿರಿಬ್ಬರು ಸಂಸಾರ ಸಮೇತ ನೋಂಬು ಬಿಡಲು ಬಂದರು. ಮಿಸ್ರಿಯಾ ಬೆಳಗಿನಿಂದ ಅಕ್ಕಿ ಹಿಟ್ಟಿನ ರೊಟ್ಟಿ ತಟ್ಟಿದಳು, ಕೋಳಿ ಸಾರು ಮಾಡಿದಳು, ಬಂದವರ ಮಕ್ಕಳಿಗೆ ಬೇರೆ ಖಾರವಿಲ್ಲದ ಸಾರು ಮಾಡಿದಳು. ಅವರು ಹೋದ ಮೇಲೆ ಪಾತ್ರೆಗಳು ಉಳಿದವು. ಪಾತ್ರೆ ಮುಗಿಯುವ ಹೊತ್ತಿಗೆ ಸಹರಿಗೆ ಅಕ್ಕಿ ತೊಳೆಯುವ ಹೊತ್ತಾಯಿತು. ಬೆಳಿಗ್ಗೆ ಹಸೈನಾರ್ ಹೊರಡುವ ಮುಂಚೆ ಎರಡು ಚೀಲ ಹಸಿ ಮೆಣಸು ಅಂಗಳಕ್ಕೆ ಸುರಿದ. ಅದನ್ನು ಹರಡಿ ಒಳಗೆ ಬಂದಾಗ ಐಸಮ್ಮ ಒಂದೇ ಸಮನೆ ಮಾತಾಡುತ್ತಿದ್ದಳು. ತಮ್ಮ ಎಲ್ಲಿ, ಬಾವಿಗೆ ಹೋದವನು ಬಂದನಾ, ಆಡು ಕಟ್ಟಿದ್ದಾರಾ. ಪ್ರತಿ ಪ್ರಶ್ನೆಗೂ ಉತ್ತರ ಬೇಕು, ಉತ್ತರ ಸಿಕ್ಕ ಕೂಡಲೇ ಅದೇ ಪ್ರಶ್ನೆ ಮತ್ತೆ.

ಹತ್ತು ಗಂಟೆ. ಮಿಸ್ರಿಯಾ ಕಿಟಕಿ ಮುಚ್ಚಿ ಬಾಂಗ್ ಹಚ್ಚಿದಳು.

ಮುದುಕಿ ಉಂಡಳು. ಮಾತ್ರೆ ಹೊತ್ತಿಗೆ ಮುಂಚೆಯೇ ಹೊಟ್ಟೆಗೆ ಹೋಯಿತು. ಅವಳನ್ನು ಮಲಗಿಸಿ ಮಿಸ್ರಿಯಾ ಅದೇ ಕೋಣೆಯಲ್ಲಿ ಚಾಪೆಯ ಮೇಲೆ ಒರಗಿದಳು. ಕಣ್ಣು ಮುಚ್ಚಿದ್ದು ಮಾತ್ರ ಗೊತ್ತು.

ಎಚ್ಚರವಾದಾಗ ಮಂಚ ಖಾಲಿ. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಕೂಗುತ್ತಿತ್ತು. ಐಸಮ್ಮ ಅಂಗಳದಲ್ಲಿ, ಹರಡಿದ ಮೆಣಸಿನ ಪಕ್ಕದಲ್ಲಿ, ನೆತ್ತಿಯ ಮೇಲಿನ ಬಿಸಿಲಲ್ಲಿ ಕೂತಿದ್ದಳು. ನಾಲಿಗೆ ಹೊರಗೆ ಚಾಚಿ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಬಾಯಲ್ಲಿ ಮೆಂತೆಯ ರುಚಿ ಉಳಿದಿತ್ತು, ಕಣ್ಣೆದುರು ಸೂರ್ಯ ಇದ್ದ. ಬಾಂಗ್ ಕೇಳಿ ಉಂಡದ್ದು ಅವಳ ತಲೆಯಿಂದ ಹೋಗಿತ್ತು. ಉಂಡದ್ದು ಮಾತ್ರ ಉಳಿದಿತ್ತು.

"ನಾನು ತಿಂದುಬಿಟ್ಟೆ. ರಂಜಾನಿನಲ್ಲಿ, ಹಗಲು ಹೊತ್ತಲ್ಲಿ, ಬೇಕಂತಲೇ ತಿಂದೆ. ತೌಬಾ, ತೌಬಾ." ಎರಡೂ ಕೆನ್ನೆಗೆ ಹೊಡೆದುಕೊಂಡಳು. "ಯಾ ಅಲ್ಲಾ, ಹಸಿವಿಗೆ ಸೋತೆ."

ಮಿಸ್ರಿಯಾ ಅವಳನ್ನು ಎತ್ತಿ ಒಳಗೆ ತಂದಳು. ಇದೂ ಸ್ವಲ್ಪ ಹೊತ್ತಿಗೆ ಮರೆಯುತ್ತದೆ ಎಂದುಕೊಂಡಳು. ಮರೆಯಲಿಲ್ಲ. ಮಗನ ಹೆಸರು ನಿಲ್ಲದ ತಲೆಯಲ್ಲಿ ಆ ಒಂದು ಪಾಪ ನಿಂತುಬಿಟ್ಟಿತು. ಸಂಜೆ ಬಾಂಗ್ ಆದಾಗ ಎಲ್ಲರೂ ಖರ್ಜೂರ ಬಾಯಿಗಿಟ್ಟರೆ ಐಸಮ್ಮ ತಟ್ಟೆ ದೂಡಿದಳು. "ನೋಂಬು ಮುರಿದವಳಿಗೆ ಅನ್ನ ಎಂಥದ್ದು?"

"ಉಮ್ಮನಿಗೆ ಎಂಥದೋ ಭ್ರಮೆ" ಎಂದು ಹಸೈನಾರ್ ನಕ್ಕ. "ನೀವು ನೋಂಬು ಮುರಿಯೋದಾ? ಊರೇ ಮುರಿದ್ರೂ ನೀವು ಮುರಿಯೋದಿಲ್ಲ."

ಆ ಸಂಜೆ ಅವಳು ಎರಡು ಗುಟುಕು ನೀರು ಬಿಟ್ಟರೆ ಏನೂ ಮುಟ್ಟಲಿಲ್ಲ. ಮರುದಿನ ನಡುಹಗಲಿನ ಬಾಂಗಿಗೂ ಒಪ್ಪಲಿಲ್ಲ. "ನಂಗೆ ಬಾಂಗ್ ಆಗ್ಲಿಲ್ಲ" ಎಂದು ಗೋಡೆಯ ಕಡೆ ತಿರುಗಿದಳು. ಕೈ ತಣ್ಣಗಾಗಿತ್ತು, ಮಾತು ತೊದಲುತ್ತಿತ್ತು. ಮಿಸ್ರಿಯಾ ಬಲವಂತವಾಗಿ ಹಲ್ಲಿನ ಸಂದಿಯಲ್ಲಿ ಜೇನು ಸವರಿದಳು. ಆಗ ಅವಳಿಗೆ ಹೆದರಿಕೆ ಹುಟ್ಟಿತು. ಮುದುಕಿ ಹೀಗೇ ಹೋದರೆ, ಮಾಡದ ತಪ್ಪಿಗೆ ತೌಬಾ ಹೇಳುತ್ತ ಹೋಗುತ್ತಾಳೆ. ತಪ್ಪು ಮಾಡಿದವಳು ಗಂಜಿ ಪಾತ್ರೆ ಹಿಡಿದು ಪಕ್ಕದಲ್ಲಿ ಕೂತಿರುತ್ತಾಳೆ.

ಮದರಸದ ಉಸ್ತಾದರನ್ನು ಕೇಳಬೇಕು. ಹೆಂಗಸು ನೇರ ಹೋಗಿ ಕೇಳುವ ರೂಢಿ ಆ ಓಣಿಯಲ್ಲಿಲ್ಲ, ಗಂಡನ ಮೂಲಕ ಕೇಳಿಸುವ ಹಾಗಿಲ್ಲ. ಉಸ್ತಾದರ ಹೆಂಡತಿ ಕುಲ್ಸುಂಳ ಹತ್ತಿರ, ತನಗೆ ಗೊತ್ತಿರುವ ಯಾರದೋ ಮನೆಯ ಕತೆಯೆಂಬಂತೆ ಹೇಳಿದಳು. ಸಂಜೆಯೊಳಗೆ ಕುಲ್ಸುಂ ಉತ್ತರದ ಜೊತೆ ಬಂದಳು. ಅಂಗಳದ ಮೆಣಸಿನ ಪಕ್ಕ ಕೂತು, ಕೈ ಸುಮ್ಮನಿರದೆ ಕಡ್ಡಿ ಹೆಕ್ಕುತ್ತ ಹೇಳಿದಳು.

"ಅಜ್ಜಿ ಮೇಲೆ ಪಾಪ ಇಲ್ಲವಂತೆ. ಅವರಿಗೆ ನೋಂಬೇ ಕಡ್ಡಾಯ ಅಲ್ಲ. ನೋಂಬಿನ ಬದಲಿಗೆ ಬಡವರಿಗೆ ಅಕ್ಕಿ ಕೊಟ್ರೆ ಸಾಕು. ನೋಂಬು ಇದ್ದು ಮರೆತು ತಿಂದ್ರೂ ಅದು ಮುರಿಯೋದಿಲ್ಲ. ಅಲ್ಲಾಹನೇ ಉಣ್ಣಿಸಿದ್ದು ಅಂತ ಲೆಕ್ಕ."

"ಮತ್ತೆ ಉಣ್ಣಿಸಿದ ಸೊಸೆ?"

"ಅವಳು ತೌಬಾ ಮಾಡ್ಬೇಕು. ತಪ್ಪಿಗೆ ಒಳಗಿಂದ ನೋಯಬೇಕು, ಬಿಡಬೇಕು, ಮತ್ತೆ ಮಾಡೋದಿಲ್ಲ ಅಂತ ನಿಶ್ಚಯ ಮಾಡ್ಬೇಕು. ಅಲ್ಲಾಹನ ರಹ್ಮತ್ತಿಗೆ, ಅವನ ಕರುಣೆಗೆ, ಬಾಗಿಲು ಹಾಕೋದಿಲ್ಲವಂತೆ. ಆದ್ರೆ ಮನುಷ್ಯರಿಗೆ ಮಾಡಿದ ಅನ್ಯಾಯ ಮನುಷ್ಯರೇ ಬಿಡ್ಬೇಕು. ಅಜ್ಜಿ ಹತ್ರ ಒಪ್ಪಿಕೊಂಡು ಮಾಫಿ ಕೇಳ್ಬೇಕು."

"ಅವರಿಗೆ ಯಾವುದೂ ನೆನಪು ನಿಲ್ಲೋದಿಲ್ಲ ಕುಲ್ಸುಂ. ಇವತ್ತು ಮಾಫಿ ಮಾಡಿದ್ರೆ ನಾಳೆ ಮರೀತಾರೆ."

ಕುಲ್ಸುಂ ಅವಳ ಮುಖ ನೋಡಿದಳು. ಯಾರ ಮನೆಯ ಕತೆಯೆಂದು ಅರ್ಥವಾಗಿತ್ತು. "ಅದನ್ನ ನಮ್ಮವರು ಹೇಳ್ಲಿಲ್ಲ. ಗಂಡಸರಿಗೆ ಅದೆಲ್ಲ ಎಲ್ಲಿ ಹೊಳೀತದೆ?" ಅಂದಳು.

ಮರುದಿನ ಮಧ್ಯಾಹ್ನ ಮಿಸ್ರಿಯಾ ಕಿಟಕಿ ಮುಚ್ಚಲಿಲ್ಲ. ಬಾಂಗ್ ಹಚ್ಚಲಿಲ್ಲ. ಐಸಮ್ಮನ ಕಾಲಿಗೆ ಎಣ್ಣೆ ಸವರುತ್ತ ಹೇಳಿದಳು, "ಮಾಮಿ, ನೋಂಬು ಮುರಿದದ್ದು ನೀವಲ್ಲ. ಮುರಿಸಿದ್ದು ನಾನು. ಸುಳ್ಳು ಬಾಂಗ್ ಹಾಕಿದೆ, ನಿಮ್ಮ ಮಾತ್ರೆಗೋಸ್ಕರ. ಮಾಫಿ ಮಾಡಿ."

ಐಸಮ್ಮ ಕಾಲು ಎಳೆದುಕೊಂಡಳು. "ಸುಳ್ಳು ಬಾಂಗಾ? ಅಲ್ಲಾಹನ ಹೆಸರಲ್ಲಾ? ನಿನ್ನ ತಾಯಿ ಏನು ಕಲಿಸಿದ್ಲು ನಿನಗೆ?" ಚೆನ್ನಾಗಿ ಬೈದಳು. ಹಸೈನಾರನ ಬಾಪ ಬದುಕಿದ್ದರೆ ಹೊರಗೆ ಹಾಕುತ್ತಿದ್ದರು ಅಂದಳು. ಮಾಫಿ ಇಲ್ಲವೇ ಇಲ್ಲ ಅಂದಳು. ಬೈದು ಸುಸ್ತಾಗಿ, "ಹಂಗಾದ್ರೆ ಮುರಿದವಳು ನಾನಲ್ಲ?" ಎಂದು ಕೇಳಿದಳು. ಅಲ್ಲ ಅಂದ ಮೇಲೆ ಗಂಜಿ ಉಂಡಳು.

ಮಾರನೆಯ ಬೆಳಿಗ್ಗೆ ಸೊಸೆಯ ತಪ್ಪೊಪ್ಪಿಗೆ ಮರೆತಿತ್ತು, ಪಾಪ ಮತ್ತೆ ಬಂದು ಕೂತಿತ್ತು. "ನಾನು ನೋಂಬು ಮುರಿದೆ ಮಗಳೇ." ಮಿಸ್ರಿಯಾ ಮತ್ತೆ ಹೇಳಿದಳು. ಆ ದಿನ ಐಸಮ್ಮ ಬೈಯಲಿಲ್ಲ, "ಕಳ್ಳಿ!" ಎಂದು ನಕ್ಕಳು. ಇನ್ನೊಂದು ದಿನ ಅತ್ತಳು. ಮತ್ತೊಂದು ದಿನ ಸೊಸೆಯನ್ನು ಬೇರೆ ಯಾರೋ ಎಂದು ತಿಳಿದು, "ನಿನ್ನ ಅತ್ತೆ ಹತ್ರ ಹೋಗಿ ಕೇಳು, ನಂಗೆ ಯಾಕೆ ಹೇಳ್ತೀ?" ಅಂದಳು. ಬೈದ ದಿನವೂ ನಕ್ಕ ದಿನವೂ ಕೊನೆಗೆ ಉಂಡಳು. ಮಾಫಿ ಮಾಡಿದೆ ಎಂದು ಮಾತ್ರ ಯಾವತ್ತೂ ಹೇಳಲಿಲ್ಲ. ಮೆಣಸು ಮಗುಚುವುದು, ನೀರು ತುಂಬುವುದು, ಮುದುಕಿಯ ಬಟ್ಟೆ ಒಗೆಯುವುದು, ಇವುಗಳ ಸಾಲಿಗೆ ಇನ್ನೊಂದು ಕೆಲಸ ಸೇರಿತು. ತಪ್ಪೊಪ್ಪಿಕೊಂಡ ಮೇಲೆ ಊಟ ಬಡಿಸುವುದು.

ಹಸೈನಾರನಿಗೆ ವಿಷಯ ಗೊತ್ತಾದದ್ದು ಒಂದು ಸಂಜೆಯ ಇಫ್ತಾರಿನಲ್ಲಿ. ತಾಯಿ ತಟ್ಟೆ ದೂಡಿದಾಗ ಮಿಸ್ರಿಯಾ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಮುರಿಸಿದ್ದು ನಾನು ಮಾಮಿ" ಅಂದಳು. ಅವನ ಕೈಯಲ್ಲಿದ್ದ ಖರ್ಜೂರ ಹಾಗೇ ನಿಂತಿತು.

"ಬಾಂಗಿನ ಜೊತೆ ಆಟ ಆಡ್ತೀಯಾ? ನಾನು ಮಸೀದೀಲಿ ಮುಖ ಎತ್ತೋದು ಹೇಗೆ?"

"ನೀವು ಏನಾದ್ರೂ ಮಾಡು ಅಂದ್ರಿ. ನಂಗೆ ಗೊತ್ತಾದದ್ದು ಮಾಡಿದೆ. ನಾಳೆ ಮಧ್ಯಾಹ್ನ ನೀವೇ ಇದ್ದು ಉಣ್ಣಿಸಿ."

"ನಾಳೆ ಮಲ್ಲಂದೂರಲ್ಲಿ ಲೋಡು ಉಂಟು."

ಮಸೀದಿಯಲ್ಲಿ ಅವನು ತಾಯಿಯ ನೋಂಬಿನ ಮಾತು ಎತ್ತುವುದನ್ನು ಬಿಟ್ಟ. ಹಬ್ಬಕ್ಕೆ ಮುಂಚೆ ತಾಯಿಯ ಲೆಕ್ಕದ ಅಕ್ಕಿಯನ್ನು ಬಡವರ ಮನೆಗಳಿಗೆ ಕೊಟ್ಟುಬಂದ. ಆ ಅಕ್ಕಿ ಅಳೆದು ಕಟ್ಟಿಟ್ಟವಳು ಮಿಸ್ರಿಯಾ.

ರಂಜಾನ್ ಮುಗಿದರೂ ಐಸಮ್ಮನ ನೋಂಬು ಮುಗಿಯಲಿಲ್ಲ. "ಮುರಿದದ್ದನ್ನ ತೀರಿಸ್ತಿದ್ದೇನೆ" ಎಂದು ಪ್ರತಿ ಮಧ್ಯಾಹ್ನ ಬಾಯಿ ಬಿಗಿಹಿಡಿಯುತ್ತಿದ್ದಳು. ಪ್ರತಿ ಮಧ್ಯಾಹ್ನ ಮಿಸ್ರಿಯಾ ಅದೇ ಮಾತು ಹೇಳುತ್ತಿದ್ದಳು: ಮುರಿಸಿದ್ದು ನಾನು, ಮಾತ್ರೆಗೋಸ್ಕರ. ಹೇಳಿ ಹೇಳಿ ಮಾತು ನುಣುಪಾಗಿತ್ತು. ಕೊನೆಯ ಶಬ್ದದಲ್ಲಿ ಮಾತ್ರ ದಿನಾ ಏನೋ ತಡೆಯುತ್ತಿತ್ತು. ಮಾತ್ರೆಗೆ ಮಧ್ಯಾಹ್ನದ ಹೊತ್ತಾಗಿದ್ದರೆ ಸಾಕಿತ್ತು. ಆ ದಿನ ಬಾಂಗನ್ನು ಹತ್ತು ಗಂಟೆಗೇ ಯಾಕೆ ಹಚ್ಚಿದಳೆಂದು ಅವಳು ಐಸಮ್ಮನಿಗೆ ಹೇಳಿರಲಿಲ್ಲ, ಕುಲ್ಸುಂಳಿಗೂ ಹೇಳಿರಲಿಲ್ಲ.

ಕಾಫಿ ಹೂ ಮುಗಿದು ಬೇಸಿಗೆ ಮಳೆ ಒಮ್ಮೆಲೇ ಸುರಿದ ದಿನ, ಮೆಣಸು ಬಾಚುತ್ತ ಮಿಸ್ರಿಯಾ ಪೂರ್ತಿ ನೆನೆದಳು. ಮೂರನೆಯ ದಿನ ಜ್ವರಕ್ಕೆ ತಲೆ ಎತ್ತಲಾಗಲಿಲ್ಲ. ಹಸೈನಾರ್ ಮನೆಯಲ್ಲಿ ಉಳಿಯಲೇಬೇಕಾಯಿತು. ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಹೆಂಡತಿಯ ಕೋಣೆಗೆ ಬಂದ.

"ಉಮ್ಮ ಬಾಯಿ ಬಿಡೋದಿಲ್ಲ. ನೀನು ಎಂಥ ಹೇಳ್ತೀ ದಿನಾ?"

"ಮುರಿಸಿದ್ದು ನಾನು, ಮಾತ್ರೆಗೋಸ್ಕರ ಅಂತ ಹೇಳಿ."

ಅವನು ಹೋಗಿ ತಾಯಿಯ ಮುಂದೆ ಕೂತ. "ಉಮ್ಮ, ನಿಮ್ಮ ನೋಂಬು ಮುರಿಸಿದ್ದು ನಾನು. ಮಾತ್ರೆಗೋಸ್ಕರ."

ಐಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ನೀನು ಯಾವತ್ತು ಗಂಜಿ ಕಾಯಿಸಿದವನು? ನಂಗೆ ಉಣ್ಣಿಸಿದ್ದು ಬಳೆ ಹಾಕಿದ ಕೈ. ಹೆಂಗಸರ ಪಾಪ ಯಾಕೆ ಹೊರ್ತೀ? ನಿಂದು ನಿನಗೆ ಸಾಲದಾ? ಎಲ್ಲಿ ಅವಳು?"

ಗೋಡೆ ಹಿಡಿದು ಎದ್ದಳು. ಹಸೈನಾರ್ ಬಟ್ಟಲು ಹಿಡಿದು ಹಿಂದೆಯೇ ಬಂದ. ಮಿಸ್ರಿಯಾಳ ಮಂಚದ ಅಂಚಿನಲ್ಲಿ ಕೂತು ಐಸಮ್ಮ ಅವಳ ಬಳೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ನೀನಾ?"

"ನಾನೇ ಮಾಮಿ." ಬಾಗಿಲಲ್ಲಿ ಗಂಡ ನಿಂತಿದ್ದ. ಜ್ವರವೋ ಏನೋ, ಈ ಸಲ ಆ ಕೊನೆಯ ಶಬ್ದ ಬಾಯಿಗೆ ಬರಲಿಲ್ಲ. "ಮಾತ್ರೆಗೋಸ್ಕರ ಅಲ್ಲ. ಬೇರೆ ದಿನ ಮಾತ್ರೆಗೆ. ಆ ದಿನ ನಂಗೆ ನಿದ್ರೆ ಬೇಕಿತ್ತು. ನಿಮ್ಮನ್ನ ಉಣ್ಣಿಸಿ ಮಲಗಿಸಿದ್ರೆ ನಾನೂ ಮಲಗ್ಬಹುದು ಅಂತ ಹತ್ತು ಗಂಟೆಗೇ ಹಾಕಿದೆ. ನನಗೋಸ್ಕರ ಹಾಕಿದೆ ಮಾಮಿ."

ಐಸಮ್ಮನ ಬೆರಳು ಬಳೆಗಳ ಮೇಲೆಯೇ ಇತ್ತು.

"ನಿದ್ರೆ ಬಂತಾ?"

"ಬಂತು."

"ನಂಗೂ ಬರ್ತಿತ್ತು. ಸಣ್ಣ ಪ್ರಾಯದಲ್ಲಿ ಘಾಟಿ ಲಾರಿಯವರಿಗೆ ರೊಟ್ಟಿ ಸುಡ್ತಿದ್ದೆ ನೋಡು, ಹಂಚಿನ ಮುಂದೆ ನಿಂತಲ್ಲೇ ಬರ್ತಿತ್ತು. ಮಲಗು ಅಂತ ಒಬ್ರೂ ಹೇಳ್ಲಿಲ್ಲ."

"ಮಾಫಿ ಮಾಡಿದ್ರಾ ಮಾಮಿ?"

"ಮಾಡದೆ ಮತ್ತೆಂಥ? ಅಲ್ಲಾಹ ಅಷ್ಟು ದೊಡ್ಡವನು, ಅವನೇ ಮಾಡ್ತಾನೆ. ನಾನು ಮಾಡದೆ ಇರೋದಕ್ಕೆ ಅವನಿಗಿಂತ ದೊಡ್ಡವಳಾ?" ಮಗನ ಕಡೆ ಕೈ ಚಾಚಿದಳು. "ಎಂಥ ನೋಡ್ತಿದ್ದೀ? ಗಂಜಿ ತಾ."

ಅಲ್ಲೇ ಕೂತು ಉಂಡಳು. ಬಟ್ಟಲು ಖಾಲಿಯಾಗುವ ಮುಂಚೆ ಮಿಸ್ರಿಯಾಳಿಗೆ ನಿದ್ರೆ ಹತ್ತಿತ್ತು.

ಮರುದಿನ ಐಸಮ್ಮ ಎಲ್ಲವನ್ನೂ ಮರೆತಿದ್ದಳು. ಗಂಜಿ ಕಂಡು ಬಾಯಿ ಬಿಗಿದಳು. "ನಾನು ನೋಂಬು ಮುರಿದವಳು." ಮಿಸ್ರಿಯಾಳ ಜ್ವರ ಇಳಿದಿರಲಿಲ್ಲ, ಮಲಗಿಯೇ ಇದ್ದಳು. ಹಸೈನಾರ್ ಹಿಂದಿನ ದಿನ ಕೇಳಿದ್ದನ್ನು ನೆನಪು ಮಾಡಿಕೊಂಡು, ತಾಯಿಯ ಮುಂದೆ ಕೂತು ಹೇಳಿದ.

"ಮುರಿಸಿದ್ದು ಮಿಸ್ರಿಯಾ, ಉಮ್ಮ. ಅವಳಿಗೆ ನಿದ್ರೆ ಇರ್ಲಿಲ್ಲ. ಅದಕ್ಕೆ."

"ಅಯ್ಯೋ. ಅವಳಿಗೆ ಯಾಕೆ ನಿದ್ರೆ ಇರ್ಲಿಲ್ಲ?" ಎಂದು ಐಸಮ್ಮ ಕೇಳಿದಳು.

ಅದಕ್ಕೆ ಏನು ಹೇಳಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾಯಿ ಬಾಯಿ ಬಿಗಿಹಿಡಿದು, ಅವನ ಮುಖ ನೋಡುತ್ತ ಉತ್ತರಕ್ಕೆ ಕಾದಳು.